ಫರ್ಗುಸನ್ ಟಿಇ20, ಟಿಓ20: ಬಿಡಿಭಾಗ ತರಿಸೋ ಮುಂಚೆ

ಪರದೆ ಮೇಲೆ ಎರಡು ಬೂದು ಟ್ರ್ಯಾಕ್ಟರ್ ಅಕ್ಕಪಕ್ಕ ನಿಂತಿವೆ, ನೋಡಿ. ಎರಡೂ ಫರ್ಗುಸನ್. ಎಡಗಡೆಯದು ಟಿಇ20, 1946ರಿಂದ ಇಂಗ್ಲೆಂಡಿನ ಕೋವೆಂಟ್ರಿಯಲ್ಲಿ ತಯಾರಾದದ್ದು. ಬಲಗಡೆಯದು ಟಿಓ20, 1948ರಿಂದ ಅಮೆರಿಕದ ಡೆಟ್ರಾಯ್ಟ್‌ನದು. ಬಾನೆಟ್, ಮಡ್‌ಗಾರ್ಡ್, ಹಿಂದಿನ ಲಿಂಕೇಜ್ ಎಲ್ಲ ಒಂದೇ ಥರ. ಈ ಹೋಲಿಕೆ ನಂಬಿ ಬಿಡಿಭಾಗ ತರಿಸಿದರೆ ದುಡ್ಡು ದಂಡ.

ಇಂಜಿನ್ ನೋಡಿ. ಟಿಓ20ಕ್ಕೆ ಕಾಂಟಿನೆಂಟಲ್ ಝಡ್120. ಮೊದಮೊದಲ ಟಿಇ20ಗಳಲ್ಲೂ ಅದೇ ಇತ್ತು. ಆಮೇಲೆ ಸ್ಟ್ಯಾಂಡರ್ಡ್ ಕಂಪನಿಯ ಇಂಜಿನ್ ಬಂತು. ಅದರ ಬೋರ್, ಅಂದರೆ ಸಿಲಿಂಡರಿನ ಒಳ ಅಗಲ, ಮೊದಲು 80 ಮಿ.ಮೀ., ನಂತರ 85. ಅಲ್ಲಿಗೆ ಲೈನರ್ (ಸಿಲಿಂಡರಿನ ಒಳಕೊಳವೆ), ಪಿಸ್ಟನ್ ಕನಿಷ್ಠ ಮೂರು ಬಗೆ ಆಯ್ತು. ಡ್ಯಾಶ್ ಮೇಲಿನ ಫಲಕದಲ್ಲಿ ಟಿಇಎ ಅಂದರೆ ಪೆಟ್ರೋಲ್, ಟಿಇಎಫ್ ಅಂದರೆ ಡೀಸೆಲ್. ಆದರೆ ಇಷ್ಟು ವರ್ಷದಲ್ಲಿ ಇಂಜಿನ್ ಬದಲಾಗಿರಬಹುದು, ಬೋರ್ ಅಳೆದೇ ಆರ್ಡರ್ ಮಾಡಿ.

ಟಿಇಡಿ ಅಂತ ಇದ್ದರೆ ಅದು ವೇಪರೈಸಿಂಗ್ ಆಯಿಲ್ ಗಾಡಿ. ಬ್ರಿಟನ್ನಿನಲ್ಲಿ ಪೆಟ್ರೋಲ್‌ಗೆ ಆಗ ತೆರಿಗೆ ಜಾಸ್ತಿ ಇತ್ತು, ಹಾಗಾಗಿ ರೈತರು ಸೀಮೆಎಣ್ಣೆ ಜಾತಿಯ ಈ ಇಂಧನ ಸುಡುತ್ತಿದ್ದರು. ಪೆಟ್ರೋಲ್‌ನಲ್ಲಿ ಸ್ಟಾರ್ಟ್ ಮಾಡಿ, ಮ್ಯಾನಿಫೋಲ್ಡ್ ಚೆನ್ನಾಗಿ ಕಾದ ಮೇಲೆ ನಲ್ಲಿಯನ್ನ ಈ ಇಂಧನದ ಕಡೆ ತಿರುಗಿಸಬೇಕು. ನಿಲ್ಲಿಸೋ ಮುಂಚೆ ಮತ್ತೆ ಪೆಟ್ರೋಲ್‌ಗೆ ಬಂದು ಕಾರ್ಬುರೇಟರ್‌ನಲ್ಲಿ ಉಳಿದದ್ದನ್ನ ಸುಟ್ಟುಬಿಡಬೇಕು. ತಣ್ಣಗಿರುವಾಗಲೇ ಬದಲಾಯಿಸಿದರೆ ಸುಡದ ಇಂಧನ ಪಿಸ್ಟನ್ ರಿಂಗ್ ದಾಟಿ ಆಯಿಲ್ ಇರೋ ಸಂಪ್‌ಗೆ ಇಳಿಯುತ್ತೆ. ಆಯಿಲ್ ಹಾಕದೇನೇ ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಏರಿದ್ದರೆ, ಸೀಮೆಎಣ್ಣೆ ವಾಸನೆ ಬಂದರೆ, ಪೂರ್ತಿ ಆಯಿಲ್ ಇಳಿಸಿ ಹೊಸದು ಹಾಕಿ. ಬೇರಿಂಗ್ ಉಳಿಯೋ ದಾರಿ ಅದೊಂದೇ.

ವೈರಿಂಗ್‌ನಲ್ಲಿ ಟಿಓ20 6 ವೋಲ್ಟ್, ನಂತರದ ಟಿಇ20ಗಳು 12. ಎರಡರಲ್ಲೂ ಬ್ಯಾಟರಿಯ ಪಾಸಿಟಿವ್ ಚಾಸಿಗೆ ಹೋಗುತ್ತೆ. 6 ವೋಲ್ಟ್ ಗಾಡಿಗೆ 12ರ ಬ್ಯಾಟರಿ ಹಾಕಿ ಹಳೇ ಕಾಯಿಲ್ ಬಿಟ್ಟರೆ ಕಾಯಿಲ್, ಪಾಯಿಂಟ್ ಎರಡೂ ಸುಡುತ್ತವೆ.

ಮ್ಯಾನ್ಯುಯಲ್ ಯಾವ ದೇಶದ್ದು ಅಂತಲೂ ನೋಡಿ. ಬ್ರಿಟಿಷ್ ಗ್ಯಾಲನ್ 4.55 ಲೀಟರ್, ಅಮೆರಿಕದ್ದು 3.79. ಐದು ಗ್ಯಾಲನ್‌ಗೆ ಸುಮಾರು ನಾಲ್ಕು ಲೀಟರ್ ವ್ಯತ್ಯಾಸ!

ಪಿಟಿಓ, ಅಂದರೆ ಉಪಕರಣ ತಿರುಗಿಸೋ ಹಿಂಬದಿಯ ಶಾಫ್ಟ್, ಆ ವಿಷಯದಲ್ಲಿ ಮಾತ್ರ ಎರಡೂ ಒಂದೇ, ತೊಂದರೆಯೂ ಒಂದೇ. ಶಾಫ್ಟ್ 1⅛ ಇಂಚು, ಈಗಿನ ಉಪಕರಣಗಳಿಗೆ ಬೇಕಾದದ್ದು 1⅜. ದಪ್ಪ ಹೊಂದಿಸೋಕೆ ಬರೀ ಸ್ಲೀವ್ ಹಾಕಬೇಡಿ. ಇಲ್ಲಿ ಚಕ್ರಕ್ಕೂ ಪಿಟಿಓಗೂ ಕ್ಲಚ್ ಒಂದೇ. ಕ್ಲಚ್ ಒತ್ತಿದರೂ ಹುಲ್ಲು ಕತ್ತರಿಸೋ ಯಂತ್ರದ ಭಾರಿ ಬ್ಲೇಡ್ ತಿರುಗುತ್ತಲೇ ಇದ್ದು ಗಿಯರ್‌ಬಾಕ್ಸ್ ಮೂಲಕ ಟ್ರ್ಯಾಕ್ಟರನ್ನ ಮುಂದಕ್ಕೆ ತಳ್ಳುತ್ತೆ. ಬೇಲಿ ಹತ್ತಿರ ಇದು ಜೀವಕ್ಕೇ ಅಪಾಯ. ಓವರ್‌ರನ್ನಿಂಗ್ ಕಪ್ಲರ್ ಹಾಕಿ, ಅದು ಬ್ಲೇಡಿನ ತಳ್ಳು ಟ್ರ್ಯಾಕ್ಟರಿಗೆ ವಾಪಸ್ ಬರದಂತೆ ತಡೆಯುತ್ತೆ. ಅದರಿಂದ ಉದ್ದ ಹೆಚ್ಚುತ್ತೆ, ಹಾಗಾಗಿ ಉಪಕರಣ ಎತ್ತಿ ಇಳಿಸಿ ಉಪಕರಣದ ಕಡೆಯ ಶಾಫ್ಟ್ ಒತ್ತಿಕೊಳ್ಳುತ್ತಾ ಅಂತ ಕೈಯಲ್ಲೇ ಪರೀಕ್ಷಿಸಿ, ಬೇಕಾದರೆ ಆ ಶಾಫ್ಟನ್ನ ಕತ್ತರಿಸಿ.

ನಮ್ಮ ಕಡೆಯ ಮ್ಯಾಸಿ ಫರ್ಗುಸನ್ 1035 ಇದೇ ವಂಶದ್ದು, ಚೆನ್ನೈನ ಟಾಫೆ ಕಂಪನಿಯದು. ಅದರ ಸಿಂಪ್ಸನ್ ಇಂಜಿನ್ ಸುಮಾರು 2400 ಸಿಸಿ. ಇಂಗ್ಲೆಂಡಿನ ಎಂಎಫ್35ರ ಮೂರು ಸಿಲಿಂಡರ್ ಪರ್ಕಿನ್ಸ್ 2500. ಕ್ರ್ಯಾಂಕ್, ಪಿಸ್ಟನ್ ಬೇಕಾದಾಗ ಅಂಗಡಿಯವರಿಗೆ ಇಂಜಿನ್ ನಂಬರ್ ಕೊಡಿ, ಟ್ರ್ಯಾಕ್ಟರ್ ಹೆಸರು ಸಾಲದು.