ನಮ್ಮಜ್ಜಿಯ ಫೋಟೋ ರಿಪೇರಿ

ಎಲ್ಲರಿಗೂ ನಮಸ್ಕಾರ. ಗೋಡೆ ಮೇಲೋ ಬೀರುವಿನ ತಳದಲ್ಲೋ, ಮುಖವೇ ಕಾಣದ ಹಳೇ ಫೋಟೋ ಒಂದು ನಿಮ್ಮ ಮನೆಯಲ್ಲೂ ಇರುತ್ತದೆ, ಅಲ್ವಾ? ನಮ್ಮಲ್ಲಿ ಅಜ್ಜಿಯದಿತ್ತು. ಮದುವೆಯಾದ ಹೊಸದರಲ್ಲಿ ಸ್ಟುಡಿಯೋದಲ್ಲಿ ನಿಂತು ತೆಗೆಸಿಕೊಂಡದ್ದು. ಸಕಲೇಶಪುರದ ಅರವತ್ತು ಮಳೆಗಾಲ ಕಂಡು ಹಳದಿಯಾಗಿತ್ತು. ಮೇಲಿನ ಗಾಜು ಎಂದೋ ಒಡೆದಿತ್ತು. ಅಜ್ಜಿ ಮುತ್ತೈದೆಯಾಗಿ ಹೋದವರು, ಹಾಗಾಗಿ ಹಿರಿಯರ ಹಬ್ಬ ಬಂದಾಗಲೆಲ್ಲ ಅಮ್ಮ ಒದ್ದೆ ಕುಂಕುಮವನ್ನು ನೇರವಾಗಿ ಫೋಟೋದ ಹಣೆಗೇ ಹಚ್ಚಿ ಹಚ್ಚಿ ಅಲ್ಲಿ ಅಗಲವಾದ ಕೆಂಪು ಕಲೆ ಉಳಿದಿತ್ತು.

ಮೊದಲು ನಮ್ಮ ಹುಡುಗನೊಬ್ಬ ಮೊಬೈಲ್ ಆಪ್‌ಗೆ ಹಾಕಿದ. ಎರಡೇ ನಿಮಿಷ, ಅಜ್ಜಿ ಫಳಫಳ! ನುಣ್ಣಗಿನ ಕೆನ್ನೆ, ಅಳತೆ ಇಟ್ಟು ಬರೆದಂಥ ಹುಬ್ಬು. ದೊಡ್ಡಮ್ಮ ಕನ್ನಡಕ ಹಾಕಿಕೊಂಡು ನೋಡಿ, "ಚೆನ್ನಾಗಿದ್ದಾಳೆ. ಆದ್ರೆ ಇದು ನಮ್ಮವ್ವ ಅಲ್ಲ ಕಣೋ" ಅಂದರು. ಸರಿಯಾಗೇ ಹೇಳಿದರು. ಇಂಥ ಆಪ್‌ಗಳು ಬೇರೆಯವರ ಸಾವಿರಾರು ಮುಖ ನೋಡಿ ಕಲಿತಿರುತ್ತವೆ. ಅಳಿಸಿಹೋದ ಜಾಗಕ್ಕೆ ಅಂದಾಜಿನ ಮೇಲೆ ಯಾರದೋ ಕಣ್ಣು, ಯಾರದೋ ಮೂಗು ತುಂಬುತ್ತವೆ. ಗೀರು ಮುಚ್ಚೋಕೆ ಪರವಾಗಿಲ್ಲ, ಮುಖಕ್ಕೆ ಮಾತ್ರ ಬೇಡ.

ಆಮೇಲೆ ನಾನೇ ಕೂತೆ. ಕಪ್ಪುಬಿಳುಪು ಫೋಟೋದಲ್ಲಿ ಚಿತ್ರ ಮೂಡಿರುವುದು ಬೆಳ್ಳಿಯ ಸಣ್ಣ ಸಣ್ಣ ಕಣಗಳಿಂದ. ಆಗಿನ ಕಾಲದಲ್ಲಿ ಪ್ರಿಂಟನ್ನು ಹೈಪೋದಲ್ಲಿ, ಅಂದರೆ ಚಿತ್ರ ಅಳಿಯದೆ ನಿಲ್ಲುವಂತೆ ಮಾಡುವ ರಾಸಾಯನಿಕದಲ್ಲಿ, ಅದ್ದಿದ ಮೇಲೆ ಸರಿಯಾಗಿ ನೀರಲ್ಲಿ ತೊಳೆಯದಿದ್ದರೆ, ಉಳಿದ ಹೈಪೋ ಆ ಬೆಳ್ಳಿಯನ್ನು ನಿಧಾನವಾಗಿ ಕೆಡಿಸುತ್ತದೆ, ತೇವ ಇದ್ದರಂತೂ ಕೇಳೋದೇ ಬೇಡ. ಕಲರ್ ಫೋಟೋದ ಕಥೆ ಬೇರೆ. 1970–80ರ ಎಷ್ಟೋ ಪ್ರಿಂಟುಗಳು ಆಲ್ಬಮ್ಮಿನೊಳಗೆ ಇದ್ದೂ ಕೆಂಪಗಾಗಿರುತ್ತವೆ, ಯಾಕೆಂದರೆ ಅವುಗಳ ಮೂರು ಬಣ್ಣಗಳಲ್ಲಿ ಹಸಿರು ಮಿಶ್ರಿತ ನೀಲಿ ಮೊದಲು ಮಾಸುತ್ತದೆ.

ದಯವಿಟ್ಟು ಫೋಟೋವನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಮೇಲಿನ ಜೆಲಟಿನ್ ಪದರ ನೀರು ಕುಡಿದು ಉಬ್ಬುತ್ತದೆ, ಕಿತ್ತುಬರುತ್ತದೆ. ಮೆತ್ತನೆಯ ಬ್ರಷ್‌ನಲ್ಲಿ ಧೂಳು ಉದುರಿಸಿ ಸಾಕು. ಗಾಜಿಗೆ ಅಂಟಿಕೊಂಡಿದ್ದರೆ ಎಳೆಯದೆ ಗಾಜಿನ ಸಮೇತ ಸ್ಕ್ಯಾನ್ ಮಾಡಿ. 600 ಡಿಪಿಐ ಇಡಿ, ಅಂದರೆ ಇಂಚಿಗೆ 600 ಚುಕ್ಕಿ, ನಾಲ್ಕು ಬೈ ಆರು ಇಂಚಿನ ಫೋಟೋದಲ್ಲಿ ಸುಮಾರು 86 ಲಕ್ಷ ಚುಕ್ಕಿ ಸಿಗುತ್ತವೆ. ಸ್ಕ್ಯಾನರ್ ಇಲ್ಲವಾ? ಕಿಟಕಿ ಬೆಳಕಲ್ಲಿ, ಫ್ಲ್ಯಾಶ್ ಇಲ್ಲದೆ, ಮೊಬೈಲನ್ನು ಓರೆಯಾಗದಂತೆ ಹಿಡಿದು ತೆಗೆಯಿರಿ. ಒಂದು ಮಾತು, ಫೋಟೋ ಕಪ್ಪುಬಿಳುಪೇ ಆದರೂ ಸ್ಕ್ಯಾನ್ ಮಾತ್ರ ಕಲರಿನಲ್ಲೇ ಇರಲಿ.

ಯಾಕೆ ಅಂತ ಹೇಳುತ್ತೇನೆ. ಕಂಪ್ಯೂಟರಿನಲ್ಲಿ ಕಲರ್ ಸ್ಕ್ಯಾನ್ ಕೆಂಪು, ಹಸಿರು, ನೀಲಿ ಎಂಬ ಮೂರು ಪದರಗಳಲ್ಲಿ ಇರುತ್ತದೆ. ದುಡ್ಡು ಕೊಡದೆ ಸಿಗುವ ಗಿಂಪ್ ಸಾಫ್ಟ್‌ವೇರಿನಲ್ಲಿ ಅವನ್ನು ಬೇರೆ ಬೇರೆ ಮಾಡಿ ನೋಡಬಹುದು. ನೀಲಿ ಪದರ ತೆರೆದೆ, ಹಳದಿ ಕಲೆಯೆಲ್ಲ ಅಲ್ಲೇ ಕಪ್ಪಾಗಿ ಕೂತಿತ್ತು, ಅಜ್ಜಿ ಹೊಗೆಯಲ್ಲಿ ನಿಂತ ಹಾಗೆ. ಹಸಿರಿನಲ್ಲಿ ಹಣೆ ಪೂರ್ತಿ ಮಸಿ. ಕೆಂಪು ಪದರ ತೆರೆದಾಗ ಸುಮ್ನೆ ನೋಡುತ್ತಾ ಕೂತುಬಿಟ್ಟೆ. ಕೆಂಪು ಪದರದಲ್ಲಿ ಕೆಂಪು ಕಲೆ ಬಿಳಿ ಕಾಗದದ ಹಾಗೇ ಕಾಣುತ್ತದೆ, ಅಂದರೆ ಕಾಣುವುದೇ ಇಲ್ಲ. ಅಮ್ಮ ಹಚ್ಚಿದ್ದ ಅಷ್ಟು ವರ್ಷದ ಕುಂಕುಮ ಮಾಯವಾಗಿ, ಅದರಡಿ ಅವತ್ತು ಸ್ಟುಡಿಯೋಗೆ ಹೊರಡುವಾಗ ಅಜ್ಜಿ ತಾನೇ ಇಟ್ಟುಕೊಂಡಿದ್ದ ಪುಟ್ಟ ಬೊಟ್ಟು, ಕಾಳುಮೆಣಸಿನಷ್ಟೇ, ಕಪ್ಪಗೆ ಹಾಗೇ ಇತ್ತು. ಚೂರು ಎಡಕ್ಕೆ ಸರಿದಿತ್ತು!

ಆ ಪದರವೊಂದನ್ನೇ ಇಟ್ಟುಕೊಂಡೆ. ಮಾಸಿದ ಚಿತ್ರದಲ್ಲಿ ಕಪ್ಪು ಬೂದಿಯಾಗಿ, ಬಿಳಿ ಮಬ್ಬಾಗಿ, ಎಲ್ಲ ಒಂದೇ ಕಡೆ ಒತ್ತಿಕೊಂಡಿರುತ್ತವೆ. ಗಿಂಪ್‌ನಲ್ಲೇ ಇರುವ ಲೆವೆಲ್ಸ್ ಎಂಬ ಸಾಧನದಲ್ಲಿ ಕಪ್ಪು, ಬಿಳಿ ಎರಡು ತುದಿಯನ್ನೂ ಎಳೆದರೆ ಸೀರೆಯ ನೆರಿಗೆ ತಾನಾಗೇ ಮೇಲೇಳುತ್ತದೆ. ಗೀರುಗಳಿಗೆ ಪಕ್ಕದ ಜಾಗದಿಂದ ತೇಪೆ ಹಾಕಿದೆ, ಎರಡು ಸಂಜೆ ಹಿಡಿಯಿತು. ಎಡಗಿವಿ ಮಾತ್ರ ಯಾವ ಪದರದಲ್ಲೂ ಇರಲಿಲ್ಲ. ಖಾಲಿ ಬಿಟ್ಟೆ.

ದೊಡ್ಡಮ್ಮ ಪ್ರಿಂಟನ್ನು ಹತ್ತಿರ ಹಿಡಿದು, "ಆ ಕಡೆ ಕಿವಿ ಎಲ್ಲೋ?" ಅಂದರು.

"ಅದು ಅಳಿಸೇ ಹೋಗಿದೆ ದೊಡ್ಡಮ್ಮ."

"ಇರ್ಲಿ ಬಿಡು. ಅವ್ವ ಯಾವತ್ತೂ ಬೊಟ್ಟು ಸೊಟ್ಟಗೇ ಇಡ್ತಿದ್ಳು."

ಹಳೇ ಫೋಟೋ ಈಗ ಕಾಗದದ ಲಕೋಟೆಯಲ್ಲಿ ಬೆಚ್ಚಗಿದೆ. ಹೊಸದಕ್ಕೆ ಕಟ್ಟು ಹಾಕಿಸಿದ್ದೇವೆ. ಗಾಜು ಗಟ್ಟಿಯದೇ ಹಾಕಿಸಿದೆ, ಹಿರಿಯರ ಹಬ್ಬಕ್ಕೆ ಅಮ್ಮ ಕುಂಕುಮ ಹಚ್ಚದೆ ಬಿಡುವವರಲ್ಲ. ನಮಸ್ಕಾರ.