ಕರೆಂಟ್ ಹೋದಾಗ ಇಪ್ಪತ್ತು ನಿಮಿಷ

ಕೇಳುಗರಿಗೆ ನಮಸ್ಕಾರ.

ರಾತ್ರಿ ಕರೆಂಟ್ ಹೋದ ಕೂಡಲೇ ನೀವು ಏನು ಮಾಡುತ್ತೀರಿ? ಮೊಬೈಲ್ ಟಾರ್ಚ್ ಹಚ್ಚುತ್ತೀರಿ. ಮೆಟ್ಟಿಲು ಹತ್ತುವಷ್ಟು ಹೊತ್ತು ಬೇಕಾದರೆ ಹಚ್ಚಿಕೊಳ್ಳಿ. ಆಮೇಲೆ ದಯವಿಟ್ಟು ಆರಿಸಿ, ಆಕಾಶ ನೋಡುತ್ತಾ ಇಪ್ಪತ್ತು ನಿಮಿಷ ಸುಮ್ಮನಿರಿ. ನಾನು ಇವತ್ತು ಹೇಳಲು ಬಂದಿರುವುದು ಇಷ್ಟೇ.

ಇಪ್ಪತ್ತು ನಿಮಿಷ ಏಕೆ? ಕತ್ತಲಲ್ಲಿ ಕಣ್ಣಿನ ಪಾಪೆ ಬೇಗನೆ ಹಿಗ್ಗುತ್ತದೆ, ಆದರೆ ಅಷ್ಟು ಸಾಲದು. ಮಂದ ಬೆಳಕನ್ನು ಹಿಡಿಯುವುದು ಅಕ್ಷಿಪಟಲದಲ್ಲಿರುವ ರೊಡಾಪ್ಸಿನ್ ಎಂಬ ವರ್ಣದ್ರವ್ಯ. ಬೆಳಕು ಬಿದ್ದರೆ ಅದು ಒಡೆಯುತ್ತದೆ, ಕತ್ತಲಲ್ಲಿ ನಿಧಾನವಾಗಿ ಮತ್ತೆ ಕೂಡಿಕೊಳ್ಳುತ್ತದೆ. ಒಂದು ಸಲ ಟಾರ್ಚ್ ಕಣ್ಣಿಗೆ ಹೊಡೆಯಿತೋ, ಲೆಕ್ಕ ಮೊದಲಿನಿಂದ.

ಒಮ್ಮೆ ಅಮಾವಾಸ್ಯೆಯ ಆಸುಪಾಸಿನಲ್ಲಿ ಊರಿಗೆ ಊರೇ ಕತ್ತಲಾಯಿತು. ನಮ್ಮ ಕಟ್ಟಡದ ಏಳೆಂಟು ಮಂದಿಯನ್ನು ಒತ್ತಾಯ ಮಾಡಿ ತಾರಸಿಗೆ ಹತ್ತಿಸಿದೆ. ಸ್ವಲ್ಪ ಹೊತ್ತಿನಲ್ಲೇ ಒಬ್ಬರು, ‘ಮೇಷ್ಟರೇ, ಮೋಡ ಬಂತು, ಇನ್ನೇನು ಕಾಣುತ್ತದೆ?’ ಎನ್ನುತ್ತಾ ಚಾಪೆ ಸುತ್ತತೊಡಗಿದರು. ಆರು ವರ್ಷದ ಹುಡುಗಿಯೊಬ್ಬಳು ಮಾತ್ರ ಮಲಗಿದಲ್ಲಿಂದಲೇ, ‘ಆ ಮೋಡ ಕದಲುತ್ತಲೇ ಇಲ್ಲ’ ಎಂದಳು. ಹೇಗೆ ಕದಲೀತು! ಅದು ಆಕಾಶಗಂಗೆ. ವೃಶ್ಚಿಕದ ಬಾಲದ ಬಳಿಯಿಂದ ಮೇಲೆದ್ದ, ಒಂದೊಂದಾಗಿ ಎಣಿಸಲಾಗದಷ್ಟು ನಕ್ಷತ್ರಗಳು ಕಲೆತ ಬೆಳಕು. ಚಾಪೆ ಮತ್ತೆ ಬಿಚ್ಚಿಕೊಂಡಿತು. ಅಷ್ಟರಲ್ಲಿ ಕೆಳಮನೆಯವರು ಬಂದು, ‘ಎಲ್ಲರೂ ಇಲ್ಲೇ ಇದ್ದೀರಾ?’ ಎಂದು ಒಬ್ಬೊಬ್ಬರ ಮುಖಕ್ಕೂ ಟಾರ್ಚ್ ಬಿಟ್ಟರು. ಸಜ್ಜನರು, ಏನೆಂದು ಹೇಳಲಿ? ಗಂಗೆ ಮಾಯವಾಯಿತು. ನಾವು ಮತ್ತೆ ಒಂದನೆಯ ನಿಮಿಷದಿಂದ ಶುರುಮಾಡಿದೆವು.

ಮೋಡ ಎಂದವರನ್ನು ನೋಡಿ ನಗಬೇಡಿ. 1994ರ ಜನವರಿಯಲ್ಲಿ ನಸುಕಿಗೆ ಮುನ್ನ ಭೂಕಂಪವಾಗಿ ಲಾಸ್ ಏಂಜಲೀಸ್‌ನ ದೀಪಗಳು ಆರಿದಾಗ, ಆಕಾಶಕ್ಕೆ ಏನಾಗಿದೆ ಎಂದು ಅಲ್ಲಿನ ಗ್ರಿಫಿತ್ ವೀಕ್ಷಣಾಲಯಕ್ಕೆ ಜನ ಫೋನ್ ಮಾಡಿ ಕೇಳಿದ್ದರು. ಏನೂ ಆಗಿರಲಿಲ್ಲ. ನಕ್ಷತ್ರಗಳು ಕಾಣುತ್ತಿದ್ದವು, ಅಷ್ಟೇ.

ನನ್ನ ಸಮಯ ಮುಗಿಯುತ್ತಾ ಬಂತು. 25 ಲಕ್ಷ ಜ್ಯೋತಿರ್ವರ್ಷ ದೂರದ ಆಂಡ್ರೊಮಿಡಾ ಗ್ಯಾಲಕ್ಸಿಯೂ ಬರಿಗಣ್ಣಿಗೆ ಕಾಣುತ್ತದೆ ಎಂದು ವಿವರವಾಗಿ ಹೇಳಬೇಕಿತ್ತು. ಬೆಳಕು ಆಕಾಶಕ್ಕೆ ಚೆಲ್ಲದಂತೆ ಬೀದಿದೀಪಗಳಿಗೆ ಮೇಲೆ ಮುಚ್ಚಳ ಹಾಕುವ ವಿಷಯವೂ ಇತ್ತು. ಇರಲಿ. ಬೆಳಕು ಬೇಕೇ ಬೇಕು ಎನ್ನುವವರು ಟಾರ್ಚಿಗೆ ಕೆಂಪು ಕಾಗದ ಸುತ್ತಿಕೊಳ್ಳಿ, ಕತ್ತಲಿಗೆ ಹೊಂದಿಕೊಂಡ ಕಣ್ಣು ಕೆಡುವುದು ಕಡಿಮೆ. ಉಳಿದವರು ಆರಿಸಿ, ಇಪ್ಪತ್ತು ನಿಮಿಷ.

ಅಂದ ಹಾಗೆ, ಆ ರಾತ್ರಿ ನಮಗೆ ಕರೆಂಟ್ ಬಂದದ್ದು ಎರಡನೆಯ ಸುತ್ತಿನ ಹತ್ತೊಂಬತ್ತನೆಯ ನಿಮಿಷಕ್ಕೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಹುಡುಗಿ ಮತ್ತು ನಾನು ತಟ್ಟಲಿಲ್ಲ.

ನಮಸ್ಕಾರ.