ಮೊದಲು ನೀರಿಗೆ ದಾರಿ ಬಿಡಿ

ಕೇಳುಗರಿಗೆಲ್ಲ ನಮಸ್ಕಾರ. ಹೆದ್ದಾರಿ ಪಕ್ಕ ಹೊಲ ಇರುವವರು, ದಿನಾ ಅದರಲ್ಲೇ ಓಡಾಡುವವರು, ಇಬ್ಬರೂ ಕೇಳುತ್ತಿದ್ದೀರಿ ಅಂದುಕೊಂಡಿದ್ದೇನೆ. ನನ್ನದು ಒಂದೇ ಮಾತು. ರಸ್ತೆ ಮಾಡುವಾಗ ಮೊದಲು ನೀರಿಗೆ ದಾರಿ ಬಿಡಿ, ಗಾಡಿಗೆ ಆಮೇಲೆ.

ಸಣ್ಣ ಲೆಕ್ಕ ಹೇಳುತ್ತೇನೆ. 40 ಮೀಟರ್ ಅಗಲದ ರಸ್ತೆ, ಒಂದೇ ಕಿಲೋಮೀಟರ್ ಉದ್ದ. 25 ಮಿಲಿಮೀಟರ್ ಮಳೆ ಬಂದರೆ ಅದರ ಮೇಲೆ ಬೀಳುವ ನೀರು 10 ಲಕ್ಷ ಲೀಟರ್! ಹೊಲವಾಗಿದ್ದರೆ ಅಷ್ಟೋ ಇಷ್ಟೋ ಇಂಗುತ್ತಿತ್ತು. ಟಾರಿನಲ್ಲಿ ಎಲ್ಲಿ ಇಂಗಬೇಕು?

ರಾಮನಗರದ ಕಥೆ ನಿಮಗೆ ಗೊತ್ತಲ್ಲ? 2022ರ ಆಗಸ್ಟ್ ಮಳೆಗೆ ಬೆಂಗಳೂರು–ಮೈಸೂರು ಹೆದ್ದಾರಿ ಅಲ್ಲಿ ಮುಳುಗಿತು. ಬಸ್ಸು, ಕಾರು ನೀರಲ್ಲೇ ನಿಂತವು. ವಿಪರೀತ ಮಳೆ ಅಂದರು. ಆಯ್ತಪ್ಪ, ಒಪ್ಪೋಣ. 2023ರ ಮಾರ್ಚ್ 12ಕ್ಕೆ ಉದ್ಘಾಟನೆ ಆಯಿತು. ವಾರದೊಳಗೆ ಒಂದು ಬೇಸಿಗೆ ಮಳೆ. ಸಂಗಬಸವನದೊಡ್ಡಿ ಅಂಡರ್‌ಪಾಸಿನಲ್ಲಿ ಮತ್ತೆ ನೀರು! ಈಗ ಯಾವ ನೆಪ? ಮಾದಾಪುರದ ಹತ್ತಿರ ಊರಿನವರು ಹೊಲಕ್ಕೆ ಹೋಗಲು ಚರಂಡಿಗೆ ಮಣ್ಣು ತುಂಬಿ ದಾರಿ ಮಾಡಿಕೊಂಡಿದ್ದರು, ಅದಕ್ಕೇ ಹೀಗಾಯಿತು ಅಂತ ಹೆದ್ದಾರಿ ಪ್ರಾಧಿಕಾರ ಹೇಳಿತು. ಇರಬಹುದು. ಆದರೆ ಹೊಲಕ್ಕೆ ಹೋಗೋಕೆ ದಾರಿ ಇದ್ದಿದ್ದರೆ ಯಾರಾದರೂ ಸುಮ್ನೆ ಮಣ್ಣು ಹೊರುತ್ತಾರಾ? ಆ ಚರಂಡಿ ಮೇಲೆ ಎತ್ತಿನ ಗಾಡಿ, ಟ್ರ್ಯಾಕ್ಟರ್ ದಾಟುವಂಥ ಒಂದು ಮೋರಿಯನ್ನು ನಕ್ಷೆಯಲ್ಲೇ ಹಾಕಬೇಕಿತ್ತು, ಅಲ್ವಾ? ಕೆಳಗೆ ನೀರು, ಮೇಲೆ ರೈತ. ಇಷ್ಟು ದೊಡ್ಡ ಹೆದ್ದಾರಿಯಲ್ಲಿ ಅದೇನು ಜಾಸ್ತಿ ಖರ್ಚೂ ಅಲ್ಲ.

ಅಯ್ಯೋ, ಟೈಮ್ ಆಯ್ತು ಅಂತ ಸನ್ನೆ ಮಾಡ್ತಿದ್ದಾರೆ. ಕೆರೆ ಬಗ್ಗೆ ಬೇಗ ಹೇಳಿಬಿಡುತ್ತೇನೆ. ನಮ್ಮ ಕಡೆ ಒಂದು ಕೆರೆ ಕೋಡಿ ಬಿದ್ದರೆ ಆ ನೀರು ಕೆಳಗಿನ ಕೆರೆಗೆ ಹೋಗುತ್ತದೆ. ಮಧ್ಯೆ ಎತ್ತರಕ್ಕೆ ಮಣ್ಣು ಹಾಕಿ ರಸ್ತೆ ಮಾಡಿ, ಕಿರಿದಾದ ಒಂದು ಪೈಪ್ ತೂರಿಸಿದರೆ ಮೇಲಿನವರ ತೋಟ ಮುಳುಗುತ್ತದೆ, ಕೆಳಗಿನ ಕೆರೆ ಒಣಗುತ್ತದೆ. ಇನ್ನು, ಮೊದಲ ಮಳೆ ರಸ್ತೆ ಮೇಲಿನ ಎಣ್ಣೆ, ಟೈರಿನ ಪುಡಿ, ಹೂಳು ಎಲ್ಲ ತೊಳೆದು ತರುತ್ತದೆ. ಅದನ್ನು ನೇರವಾಗಿ ಕೆರೆಗೆ ಬಿಡಬಾರದು. ಹುಲ್ಲು ಬೆಳೆದ ಅಗಲ ಚರಂಡಿಯಲ್ಲಿ ನಿಧಾನಕ್ಕೆ ಹರಿಸಿ, ಹೂಳಿನ ಗುಂಡಿಯಲ್ಲಿ ತಂಗಿಸಿ, ಆಮೇಲೆ ಬಿಡಬೇಕು. ಆ ಗುಂಡಿಯನ್ನು ಮುಂಗಾರಿಗೆ ಮುಂಚೆ ಖಾಲಿ ಮಾಡಬೇಕು. ಮಾಡ್ತಾರಾ? ಕೇಳಿ ನೋಡಿ.

ನಿಮ್ಮೂರಿಗೆ ಸರ್ವೆಯವರು ಬಂದರೆ ಕಾಫಿ ಕೊಟ್ಟು ಕಳಿಸಬೇಡಿ. ಜೋರು ಮಳೆಯಲ್ಲಿ ನೀರು ಎಲ್ಲಿ ದಾಟುತ್ತದೆ ಅಂತ ಕರೆದುಕೊಂಡು ಹೋಗಿ ತೋರಿಸಿ. ನಮಸ್ಕಾರ.